ಪಟ್ಟಿ ಅನ್ನಬೇಕಿತ್ತು

ಚಪ್ಪಲಿ ಬೇಕು ಅಂದರೆ ನಮ್ಮ ಮನೆಗೆ ಬರಬೇಕಾಗಿದ್ದ ಕಾಲ ಅದು. ಬಂದವರು ತೊಗಲಿನ ಮೇಲೆ ಕಾಲಿಟ್ಟು ಅಲುಗದೆ ನಿಲ್ಲಬೇಕು, ಅಜ್ಜ ಇದ್ದಿಲಿನಿಂದ ಪಾದದ ಸುತ್ತ ಗೆರೆ ಎಳೆಯಬೇಕು. ಅಂಗಡಿಯಲ್ಲಿ ನೇತುಹಾಕಿದ ಚಪ್ಪಲಿಯನ್ನು ನಾನು ಕಂಡಿದ್ದು ಎಷ್ಟೋ ವರ್ಷದ ಮೇಲೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ ನಮ್ಮ ಮನೆ. ಉಡುತಡಿ ಕಡೆಯವರೂ ಬರುತ್ತಿದ್ದರು, ಕುಬಟೂರು ಕಡೆಯವರೂ ಬರುತ್ತಿದ್ದರು. ಮನೆ ಕಾಣುವ ಮೊದಲೇ ವಾಸನೆ ಸಿಗುತ್ತಿತ್ತು. ಸುಣ್ಣದ ಗುಂಡಿ, ತೊಗಲು ಹದ ಮಾಡಲು ತಂಗಡಿ ತೊಗಟೆ ನೆನೆಹಾಕಿದ ನೀರು, ಹೊಂಗೆ ಎಣ್ಣೆ. ಬಂದವರು ಮೂಗಿಗೆ ಟವಲು ಹಿಡಿಯುತ್ತಿದ್ದರು. ನಾವು ಅದರ ಪಕ್ಕದಲ್ಲೇ ಕೂತು ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ತಿನ್ನುತ್ತಿದ್ದೆವು.

ನನಗೆ ಒಂಬತ್ತು ವರ್ಷವಿದ್ದಾಗ, ಬೇಸಿಗೆ ಶುರುವಿಗೆ, ಅಪ್ಪ ಸತ್ತ. ಜ್ವರ ಬಂತು, ಎಂಟು ದಿನ ಮಲಗಿದ, ಸತ್ತ. ಅದರಲ್ಲಿ ಬೇರೆ ಹೇಳುವುದು ಏನೂ ಇಲ್ಲ. ಹನ್ನೊಂದನೇ ದಿನ ಅಪ್ಪನ ಅಕ್ಕ ಬಂದಳು. ಅವಳನ್ನು ಸೊರಬದ ಕಡೆಗೆ ಕೊಟ್ಟಿತ್ತು. ನಾನು ಅವಳನ್ನು ಅತ್ತೆ ಅನ್ನುತ್ತಿದ್ದೆ. ಅವ್ವನನ್ನು ಬಾಗಿಲ ಹತ್ತಿರದ ಕಲ್ಲಿನ ಮುಂದೆ ಕೂರಿಸಿ, ಎರಡೂ ಕೈಯ ಬಳೆ ಕುಟ್ಟಿ ಒಡೆದಳು. ಹಸಿರು ಬಳೆ.

ಎಲ್ಲರೂ ಅಳುತ್ತಿದ್ದಾಗ ನಾನು ಚೂರುಗಳನ್ನು ಆರಿಸಿಕೊಂಡೆ. ಬಳೆಚೂರು ಆಗ ನಮಗೆ ಆಟದ ಸಾಮಾನು. ಒಂದು ಹಿಡಿ ಚೂರನ್ನು ನೆಲಕ್ಕೆ ಚೆಲ್ಲಿ, ಪಕ್ಕದ್ದು ಅಲುಗದ ಹಾಗೆ ಒಂದೊಂದೇ ಎತ್ತಬೇಕು. ನಾಲ್ಕು ದಿನ ಬಿಟ್ಟು ಅದನ್ನೇ ಆಟಕ್ಕೆ ತೆಗೆದುಕೊಂಡು ಹೋದೆ.

"ಹಸ್ರು ಚೂರು ಎಷ್ಟೊಂದು ಐತಲ್ಲೇ! ಯಾರ ಬಳೆ?" ಅಂದಳು ಒಬ್ಬ ಗೆಳತಿ.

"ನಮ್ಮವ್ವಂದು."

"ಥೂ, ಮುಂಡೆ ಬಳೆ! ಮುಟ್ಟಬ್ಯಾಡ್ರೇ!"

ಎಲ್ಲರೂ ಲಂಗಕ್ಕೆ ಕೈ ಒರೆಸಿಕೊಂಡು ಎದ್ದರು. ನಾನು ಚೂರನ್ನು ಬೇಲಿಗೆ ಎಸೆದು ಮನೆಗೆ ಬಂದೆ.

ಅಪ್ಪ ಇಲ್ಲದ ಮೇಲೆ ಬಡಿಯುವ ಕೆಲಸ ಅವ್ವನ ಪಾಲಿಗೆ ಬಂತು. ಚಪ್ಪಲಿಯ ತಳಕ್ಕೆ ಹಾಕುವ ಅಟ್ಟೆಯ ತೊಗಲನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿದು ಬಡಿದು ಬಿಗಿ ಮಾಡಬೇಕು, ಇಲ್ಲದಿದ್ದರೆ ಒಂದು ಮಳೆಗೆ ಚಪ್ಪಲಿ ಉಬ್ಬಿಕೊಳ್ಳುತ್ತದೆ. ಅಜ್ಜನಿಗೆ ರಟ್ಟೆಯಲ್ಲಿ ಬಲ ಇರಲಿಲ್ಲ. ಅವನು ಕತ್ತರಿಸುತ್ತಿದ್ದ, ಹೊಲಿಯುತ್ತಿದ್ದ. ಬಡಿಯುವವರು ಬಲ ಮುಂಗೈಗೆ ಮೂರು ಬೆರಳು ಅಗಲದ ತೊಗಲಿನ ಪಟ್ಟಿ ಬಿಗಿದುಕೊಳ್ಳುವುದು ರೂಢಿ. ಇಲ್ಲದಿದ್ದರೆ ಕೀಲು ಹೋಗುತ್ತದೆ. ಅಪ್ಪನ ಪಟ್ಟಿ ಅಪ್ಪನ ಜೊತೆಗೇ ಮಣ್ಣಿಗೆ ಹೋಗಿತ್ತು. ಹೆಂಗಸು ಬಡಿದಿದ್ದು ನಮ್ಮಲ್ಲಿ ಅದೇ ಮೊದಲು, ಹಾಗಾಗಿ ಅವಳಿಗೂ ಒಂದು ಪಟ್ಟಿ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹದಿನೈದು ದಿನದಲ್ಲಿ ಅವ್ವನ ಮುಂಗೈ ಬದನೆಕಾಯಿ ಹಾಗೆ ಊದಿತು. ಉಪ್ಪಿನ ಶಾಖ ಕೊಟ್ಟುಕೊಂಡು ಮತ್ತೆ ಬಡಿಯುತ್ತಿದ್ದಳು.

ಅವಳಿಗೊಂದು ಪಟ್ಟಿ ನಾನೇ ಮಾಡಬೇಕು ಅಂದುಕೊಂಡೆ. ನೋವಿಗೂ ಆಯಿತು, ಬರಿಗೈ ಮುಚ್ಚುವುದಕ್ಕೂ ಆಯಿತು. ಗಾಜಿನ ಬಳೆ ಬೇಡ ಅಂದಿದ್ದಾರೆ, ತೊಗಲಿನದು ಬೇಡ ಅಂತ ಯಾರು ಅಂದಿದ್ದಾರೆ? ಒಂಬತ್ತು ವರ್ಷದ ಬುದ್ಧಿ.

ಅವ್ವ ಮಧ್ಯಾಹ್ನ ಮಲಗಿದ್ದಾಗ ದಾರ ಸುತ್ತಿ ಅಳತೆ ತೆಗೆದೆ. ಬಳೆ ಇದ್ದ ಜಾಗ ಇನ್ನೂ ಬೆಳ್ಳಗಿತ್ತು. ಆಮೇಲೆ ಅಜ್ಜನ ಹತ್ತಿರ ಹೋದೆ.

"ಅಜ್ಜ, ಒಂದು ತುಂಡು ತೊಗಲು ಕೊಡು."

"ಯಾಕೆ?"

"ಎಮ್ಮೆ ಕರಕ್ಕೆ ಕೊರಳಪಟ್ಟಿ ಮಾಡಾಕೆ."

"ನಮ್ಮನ್ಯಾಗ ಕರ ಎಲ್ಲೈತೆ?"

"ಹುಟ್ಟಿದ ಮ್ಯಾಲೆ ಕಟ್ಟಾಕೆ."

"ಎಮ್ಮೆನೇ ಇಲ್ಲ, ಕರ ಹುಟ್ತೈತಂತೆ," ಅಂದು ಅಜ್ಜ ತುಂಡುಗಳ ಬುಟ್ಟಿಯನ್ನು ನನ್ನ ಕಡೆ ತಳ್ಳಿದ. "ತಗಾ. ನಿಂಗೆ ಬೇಕಾದ್ದು ನೀನೇ ಆರಿಸ್ಕ."

ಕೈಗೆ ಮೆತ್ತಗೆ ಹತ್ತಿದ್ದನ್ನು ಆರಿಸಿಕೊಂಡೆ. ಮೆತ್ತಗಿದ್ದರೆ ಅವ್ವನಿಗೆ ಹಿತ ಅಂತ. ನೀರಲ್ಲಿ ನೆನೆಹಾಕಿ, ರಂಪಿಗೆಯಲ್ಲಿ ಕತ್ತರಿಸಿದೆ. ರಂಪಿಗೆ ಅಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿ, ಒತ್ತಿದ ಕಡೆ ಹೋಗುವುದಿಲ್ಲ, ತನಗೆ ಬೇಕಾದ ಕಡೆ ಹೋಗುತ್ತದೆ. ಅಂಚು ಹಾವಿನ ಹಾಗೆ ಬಂತು. ದಬ್ಬಳದಲ್ಲಿ ತೂತು ಹಾಕುವಾಗ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಅಜ್ಜ ನೋಡಿಯೂ ಸುಮ್ಮನಿದ್ದ. ಎರಡು ದಿನ ಕೂತು ಸುತ್ತ ಹೊಲಿದೆ. ತೋರಿಸಿದೆ. ಅವನು ಎರಡೂ ಕೊನೆ ಹಿಡಿದು ಒಂದು ಸಲ ಎಳೆದ. ನಾಲ್ಕು ಬೆರಳು ಉದ್ದವಾಯಿತು.

"ಹೊಟ್ಟೆ ತೊಗಲು ಇದು. ಹೊಟ್ಟೆ ಹಂಗೇ, ಹಿಗ್ತಾನೇ ಹೋಗ್ತೈತೆ. ಬೆನ್ನಿಂದು ತಗಾಬೇಕು. ಹೊರೋದು ಬೆನ್ನು."

"ಮೊದ್ಲೇ ಹೇಳಬಾರ್ದಾ?"

"ಹೇಳಿದ್ರೆ ಕಿವ್ಯಾಗ ಇರ್ತಿತ್ತು. ಈಗ ಬೆರಳಾಗ ಐತೆ."

ಬೆನ್ನಿನ ತೊಗಲು ತೆಗೆದುಕೊಂಡು ಎರಡನೇ ಸಲ ಮಾಡಿದೆ. ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟು ಕೆರೆಗೆ ಹೋದೆ. ಬರುವಷ್ಟರಲ್ಲಿ ಮುರುಟಿಕೊಂಡು, ಬಾಗಿಸಿದರೆ ಬಿರಿಯುವ ಹಾಗಾಗಿತ್ತು.

"ಹಪ್ಪಳ ಮಾಡೀಯಲ್ಲೇ. ಎಣ್ಣೆಗೆ ಬಿಡಾನ?" ಅಂದ ಅಜ್ಜ. ಅಪ್ಪ ಸತ್ತ ಮೇಲೆ ಅವನು ನಕ್ಕಿದ್ದು ಅವತ್ತೇ.

ಮೂರನೆಯದನ್ನು ಹಸಿ ಇರುವಾಗಲೇ ಒನಕೆಗೆ ಸುತ್ತಿ ಕಟ್ಟಿ, ನೆರಳಲ್ಲಿ ಮೂರು ದಿನ ಬಿಟ್ಟೆ. ಕೈಯ ದುಂಡು ಅದಕ್ಕೆ ಬಂತು. ಅಂಚಿಗೆ ಹುಣಸೆ ಬೀಜ ಅರೆದ ಅಂಟು ಬಳಿದು, ಕೊಂಬಿನ ಚೂರಿನಿಂದ ತಿಕ್ಕಿದೆ. ತಿಕ್ಕಿದಷ್ಟೂ ಹೊಳೆಯುತ್ತಿತ್ತು. ಹೊಂಗೆ ಎಣ್ಣೆ ಕುಡಿಸಿದೆ. ಒಂದು ಕೊನೆಗೆ ತೊಗಲಿನದೇ ಗಂಟು, ಇನ್ನೊಂದು ಕೊನೆಗೆ ಗಂಟು ತೂರುವಷ್ಟು ಸೀಳು. ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ದಬ್ಬಳದ ತುದಿಯಿಂದ ಒತ್ತಿ ಒತ್ತಿ ಸುತ್ತಲೂ ಚುಕ್ಕಿ ಹಾಕಿದೆ, ಬಳೆಗಾರನ ಹತ್ತಿರ ಇರುತ್ತಿದ್ದ ಚುಕ್ಕಿ ಬಳೆಯ ಹಾಗೆ.

ಅಜ್ಜ ಚುಕ್ಕಿಯ ಮೇಲೆ ಬೆರಳಾಡಿಸಿದ.

"ಕರಕ್ಕೆ ಚಿತ್ತಾರ ಯಾಕೆ?"

ನಾನು ಎಣ್ಣೆ ಕೈಯನ್ನು ಲಂಗಕ್ಕೆ ಒರೆಸಿಕೊಂಡೆ.

"ನಿಮ್ಮವ್ವಗೆ ಅಂತ ಮೊದಲನೇ ದಿನನೇ ಗೊತ್ತಾತು ಬಿಡು. ನೋಡಿಲ್ಲಿ, ನಿಮ್ಮತ್ತೆ ಇನ್ನೂ ಇಲ್ಲೇ ಐದಾಳೆ. ಯಾರು ಕೇಳಿದ್ರೂ ಪಟ್ಟಿ ಅನ್ನು. ಬಡಿಯೋರ ಪಟ್ಟಿ. ಇನ್ನೊಂದು ಹೆಸರು ಬಾಯಾಗ ಬರಬಾರ್ದು. ಏನಂತೀಯ?"

"ಪಟ್ಟಿ."

"ಇನ್ನೊಂದ್ಸಲ."

"ಪಟ್ಟಿ ಅಜ್ಜ, ಪಟ್ಟಿ! ಕಿವುಡನಾ ನೀನು?"

ಅವತ್ತು ಅತ್ತೆ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಜೊತೆಗಿದ್ದರು. ಅವ್ವ ತಂಗಡಿ ತೊಗಟೆಯ ಹೊರೆ ಹೊತ್ತು ಬಂದು ಅಂಗಳದಲ್ಲಿ ಇಳಿಸಿದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಳು. ನನಗೆ ತಡೆಯಲಾಗಲಿಲ್ಲ. ಓಡಿದೆ.

"ಅವ್ವಾ, ಅವ್ವಾ! ನಿಂಗೆ ಬಳೆ ಮಾಡೀನಿ ನೋಡು!"

ಮೊರದ ಸದ್ದು ನಿಂತಿತು.

"ಏನಂದೆ?" ಅಂದಳು ಅತ್ತೆ.

"ಪಟ್ಟಿ," ಅಂದೆ.

"ಅದಲ್ಲ, ಮೊದ್ಲು ಏನಂದೆ ಮಾರಾಯ್ತಿ?"

ಅಜ್ಜ ಒಳಗಿನಿಂದಲೇ ಕೂಗಿದ. "ಬಡಿಯೋರ ಪಟ್ಟಿ ಕಣವ್ವ ಅದು. ನಿನ್ನ ತಮ್ಮನೂ ಕಟ್ತಿದ್ನಲ್ಲ, ಅದೇ. ಕೂಸಿಗೆ ಏನು ತಿಳಿತೈತೆ?"

"ಅವನ ಪಟ್ಟಿಗೆ ಚುಕ್ಕಿ ಇತ್ತನಪ್ಪ?" ಅತ್ತೆ ಎದ್ದು ಬಂದು ನನ್ನ ಕೈಯಲ್ಲಿದ್ದದ್ದನ್ನು ಮುಟ್ಟದೆ ನೋಡಿದಳು. "ಹೊಟ್ಟೇಲಿ ಹುಟ್ಟಿದ ಮಗಳೇ ಬಳೆ ಅಂದಮ್ಯಾಲೆ ಅದು ಬಳೆನೇ. ಇನ್ನೂ ತಿಂಗ್ಳು ಎರಡಾಗಿಲ್ಲ, ಕೈಗೆ ಬಳೆ ಕೇಳ್ತಾಳೆ ಅಂತ ನಾಳೆ ಊರು ಅಂತೈತೆ. ನಾನಲ್ಲ ಅನ್ನೋದು, ಊರು."

ಪಕ್ಕದ ಹೆಂಗಸರು ಅಕ್ಕಿ ನೋಡುತ್ತಿದ್ದರು. ಅವ್ವ ಹತ್ತಿರ ಬಂದಳು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬಾಗಿಸಿ ನೋಡಿದಳು, ಉಗುರಿನಿಂದ ಹೊಲಿಗೆ ಕೆರೆದು ನೋಡಿದಳು.

"ಹೊಲಿಗೆ ಸಮ ಬಂದೈತೆ," ಅಂದಳು. ಒಳಗೆ ಹೋಗಿ ಗೋಡೆಯ ಗೂಡಿನಲ್ಲಿಟ್ಟಳು. ಕೈಗೆ ಸುತ್ತಿಯೂ ನೋಡಲಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ನಾನು ಅಜ್ಜನ ಮಾತಿನಂತೆ ಇನ್ನೊಂದು ಮಾಡಿದೆ. ಚುಕ್ಕಿ ಇಲ್ಲ, ಹೊಳಪು ಇಲ್ಲ, ಬೋಳು ಪಟ್ಟಿ. "ಇದು ಪಟ್ಟಿ ಕಣವ್ವ," ಅಂದೆ.

"ಯಾವ್ದು ಕಟ್ಟಿದ್ರೂ ಇನ್ನು ಅದು ಬಳೆನೇ," ಅಂದಳು ಅವ್ವ. "ನೀರಿಗೆ ಹೋದಾಗ ಆಗ್ಲೇ ಕೇಳ್ತಾರೆ, ತೊಗಲ ಬಳೆ ತೊಟ್ಟೀಯೇನೇ ಅಂತ. ಬ್ಯಾಡ." ಬರಿಗೈಯಲ್ಲೇ ಕೊಡತಿ ಎತ್ತಿದಳು.

ಮಳೆ ಹಿಡಿಯುವ ಮೊದಲು ಕುಬಟೂರು ಕಡೆಯ ರೈತರೊಬ್ಬರು ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಹೆಬ್ಬೆರಳು ತೂರಿಸುವ ಉಂಗುಟ ಕಿತ್ತಿತ್ತು. ದೂರ ನಡೆಯಬೇಕು, ಈಗಲೇ ಬೇಕು ಅಂದರು. ಹದವಾದ ತುಂಡು ಬುಟ್ಟಿಯಲ್ಲಿ ಇರಲಿಲ್ಲ, ನಾನೇ ಎಲ್ಲ ಕೆಡಿಸಿ ಮುಗಿಸಿದ್ದೆ. ಬೋಳು ಪಟ್ಟಿಯನ್ನು ಅಜ್ಜ ಆಗಲೇ ಇನ್ನೊಬ್ಬರ ಚಪ್ಪಲಿಗೆ ಹಾಕಿ ಆಗಿತ್ತು. ಅವ್ವ ಒಳಗೆ ಹೋಗಿ ಗೂಡಿನಿಂದ ಚುಕ್ಕಿಯದನ್ನು ತಂದಳು. ರಂಪಿಗೆ ಇಟ್ಟಳು. ನಾನು ಅವಳ ರಟ್ಟೆ ಹಿಡಿದೆ.

"ಬಿಡು," ಅಂದಳು. "ಕೈಗೆ ಬರ್ದಿದ್ದು ಕಾಲಿಗಾದ್ರೂ ಬರ್ಲಿ. ಒಳ್ಳೆ ತೊಗಲು."

ಎರಡು ತುಂಡಾಯಿತು. ಒಂದನ್ನು ಮಡಚಿ ಹೊಲಿದಳು. ಆ ರೈತರು ಕಾಲು ತೂರಿಸಿ ನೋಡಿಕೊಂಡರು.

"ಏನ್ರೀ ಅಮ್ಮ, ಚಿತ್ತಾರ ಬೇರೆ ಹಾಕೀರಿ!"

"ನಮ್ಮ ಹುಡುಗಿ ಹಾಕಿದ್ದು ರೀ," ಅಂದಳು ಅವ್ವ. ಅವರು ನಡೆದು ಹೋದರು. ಹೊಲಿಗೆ ಬಿಚ್ಚಿತು ಅಂತ ಮತ್ತೆ ಬರಲಿಲ್ಲ. ಅಷ್ಟು ಗಟ್ಟಿ ಇತ್ತು.

ಈಗ ಸುಣ್ಣದ ಗುಂಡಿ ಮುಚ್ಚಿ ಅದರ ಮೇಲೆ ಮೆಕ್ಕೆಜೋಳ ಹಾಕಿದ್ದಾರೆ. ನಮ್ಮ ಮನೆಯ ಹುಡುಗರಿಗೆ ಬೆನ್ನಿನ ತೊಗಲು ಯಾವುದು, ಹೊಟ್ಟೆಯದು ಯಾವುದು ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಅವರು ಓದಿ ಕೆಲಸಕ್ಕೆ ಸೇರಿದ್ದಾರೆ. ನನ್ನ ಗಂಡ ಸತ್ತಾಗ ನಾಲ್ಕು ಜನ ಹೆಂಗಸರು ಬಳೆ ಒಡೆಯಲು ಕಲ್ಲು ತಂದರು. ನಾನು ಕೈ ಕೊಡಲಿಲ್ಲ. ಎರಡು ದಿನ ಗೊಣಗಿದರು, ಸುಮ್ಮನಾದರು. ಅಷ್ಟೇ ಆಗಿದ್ದು. ಅಷ್ಟೇ ಆಗುತ್ತಿತ್ತು ಅಂತ ಆವತ್ತು ಅವ್ವನಿಗೆ ಹೇಳುವವರು ಯಾರೂ ಇರಲಿಲ್ಲ. ಆ ಕಾಲ ಒಳ್ಳೆಯದಿತ್ತು ಅನ್ನುವವರ ಜೊತೆ ನಾನು ಮಾತಾಡುವುದಿಲ್ಲ.

ಅವ್ವ ಹನ್ನೆರಡು ವರ್ಷ ಬಡಿದಳು. ಮುಂಗೈ ಕೀಲು ಒಂದು ಕಡೆಗೆ ತಿರುಗಿ ಹಾಗೇ ಕೂತಿತು. ಕೊನೆಕೊನೆಗೆ ಬಲಗೈ ಬೆರಳು ಮಡಚುತ್ತಿರಲಿಲ್ಲ, ತುತ್ತು ಕಟ್ಟುವುದಕ್ಕೆ ಬರುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಅಂತ, ತಟ್ಟೆ ತೆಗೆದುಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತು ಬಡಿಸುತ್ತಿದ್ದೆ.