ತಗಡು ಮುಚ್ಚಿದ ದೀಪ

ಭೀಮಕ್ಕನ ಕೈಲಿ ಏಟು ತಿಂದವರ ಮಕ್ಕಳು ಮೊಮ್ಮಕ್ಕಳು ಆದವಾನಿಯಲ್ಲಿ ಇವತ್ತಿಗೂ ಇದ್ದಾರೆ. ಕೇಳಿದರೆ ಒಬ್ಬರೂ ಒಪ್ಪುವುದಿಲ್ಲ. "ನಮ್ಮಜ್ಜಗ ಎತ್ತು ಹಾದಿತ್ತು" ಎನ್ನುತ್ತಾರೆ. ಎತ್ತು ಹಾಯ್ದರೆ ಕೆನ್ನೆಯ ಮೇಲೆ ಐದು ಬೆರಳು ಮೂಡುತ್ತವೇನ್ರಿ? ಈ ಮಾತು ಕೇಳಿ ನಾನು ಒಂದಿಬ್ಬರ ಸ್ನೇಹ ಕಳೆದುಕೊಂಡಿದ್ದೇನೆ. ಹೋದರೆ ಹೋಗಲಿ. ನಮ್ಮವ್ವ ವೆಂಕಮ್ಮ ಬದುಕಿ ಉಳಿದದ್ದು ಆ ಕೈಯಿಂದ. ಸುಳ್ಳು ಹೇಳುವವರ ಸ್ನೇಹ ನನಗೆ ಬೇಕಿಲ್ಲ.

ಭೀಮಕ್ಕ ಮದ್ದಿಕೇರದ ಹೆಣ್ಣು. ಹನುಮಂತುವಿನ ಕೈಹಿಡಿದು ಆದವಾನಿಗೆ ಬಂದವಳು ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಕೂಲಿಗೆ ಸೇರಿದಳು. ಇಬ್ಬರು ಗಂಡಸರು ಹಿಡಿದೆತ್ತುವ ಹತ್ತಿಕಾಳಿನ ಚೀಲವನ್ನು ಒಬ್ಬಳೇ ಬೆನ್ನಿಗೇರಿಸುತ್ತಿದ್ದಳು. ಒಮ್ಮೆ ಮೇಸ್ತ್ರಿಯೊಬ್ಬ ಮೈಗಂಟಿದ ಅರಳೆ ತೆಗೆಯುವ ನೆಪ ಮಾಡಿ ಹೆಂಗಸೊಬ್ಬಳ ಎದೆಗೆ ಕೈ ಹಚ್ಚಿದ. ಭೀಮಕ್ಕ ಅವನ ತಲೆಯನ್ನು ಹತ್ತಿಕಾಳಿನ ರಾಶಿಯೊಳಗೆ ತುರುಕಿ ಬೆನ್ನ ಮೇಲೆ ಕೂತುಬಿಟ್ಟಳು. ಅವನು ಕಾಲು ಬಡಿಯುವುದು ನಿಧಾನವಾದಾಗ ಉಳಿದವರು ಹೆದರಿ ಅವಳನ್ನು ಎಳೆದು ತೆಗೆದರು. ಮೇಸ್ತ್ರಿಯ ಮೂಗಿನಿಂದ ಎಷ್ಟೋ ದಿನ ರಕ್ತ ಬೀಳುತ್ತಿತ್ತು. ಅವಳನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ. ತೆಗೆದೆ ಎಂದು ಅವಳೆದುರು ನಿಂತು ಹೇಳುವ ಗಂಡಸು ಬೇಕಲ್ಲ.

ಗಂಡ ಹನುಮಂತು ಇದಕ್ಕೆ ತೀರ ಉಲ್ಟಾ. ಬಾಯಿದ್ದೂ ಇಲ್ಲದವನು. ಊರ ಹೊರಗಿನ ರಸ್ತೆಯಲ್ಲಿ ಯರ್ರೆಪ್ಪ ಎಂಬವನ ಪೆಟ್ರೋಲ್ ಬಂಕಿತ್ತು. ಅಲ್ಲಿ ಕೈಪಂಪು ಹೊಡೆಯುತ್ತಿದ್ದ. "ಹನುಮಂತೂ, ನಿಮ್ಮನ್ಯಾಗ ಮೀಸಿ ಯಾರಿಗೆ ಅದಾವೋ?" ಎಂದು ಲಾರಿಯವರು ಕೆಣಕಿದರೆ ನಕ್ಕು ಸುಮ್ಮನಾಗುತ್ತಿದ್ದ. ಇವರಿಗೆ ಒಬ್ಬನೇ ಮಗ, ಮಾರಣ್ಣ. ಗುಂತಕಲ್ಲಿನಲ್ಲಿ ಲಾರಿ ಕ್ಲೀನರಾಗಿದ್ದವನು ಹಬ್ಬಕ್ಕೋ ಹುಣ್ಣಿಮೆಗೋ ಮನೆಗೆ ಬರುತ್ತಿದ್ದ. ಅವನು ಅಲ್ಲಿ ಯಾರನ್ನೋ ಹೊಡೆದ ಸುದ್ದಿ ಬಂದರೆ ಭೀಮಕ್ಕ, "ನನ್ನ ಕೈ ಬಂದೈತಿ ಅವಗ" ಎಂದು ಬೀಗುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಅದಕ್ಕೆ ಭೀಮಕ್ಕನೂ ಹೊರತಾಗಿರಲಿಲ್ಲ.

ಜಿನ್ನಿನಿಂದ ಕೂಲಿಯವರ ಕೇರಿಗೆ ಹೋಗುವ ದಾರಿ ಯರ್ರೆಪ್ಪನ ಬಂಕಿನ ಮಗ್ಗುಲಿನಿಂದಲೇ ಹಾಯುತ್ತಿತ್ತು. ಬಂಕು ದಾಟಿದ ಕೂಡಲೇ ಜಾಲಿಯ ಪೊದೆ. ಪೊದೆಯ ಆಚೆ ಅಂಜಿನಪ್ಪನ ಸಾರಾಯಿ ಅಂಗಡಿ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು ಇದು. ಊರೊಳಗೆ ಕರೆಂಟು ಬಂದಿತ್ತು, ಈ ದಾರಿಗೆ ಮಾತ್ರ ಏನೂ ಇರಲಿಲ್ಲ. ಹತ್ತಿಯ ಸುಗ್ಗಿಯಲ್ಲಿ ಹೆಂಗಸರನ್ನು ಬಿಡುವ ಹೊತ್ತಿಗೆ ಕತ್ತಲು ಗವ್ವೆನ್ನುತ್ತಿತ್ತು. ಕಂದೀಲು ಹಿಡಿಯೋಣವೆಂದರೆ ಮೈತುಂಬ ಅರಳೆ ಅಂಟಿದವರು. ಒಂದು ಕಿಡಿ ಬಿದ್ದರೆ ಸಾಕು. ಜಿನ್ನಿನೊಳಕ್ಕೆ ಕಡ್ಡಿಪೆಟ್ಟಿಗೆಯನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಮುಂದಿನವಳ ಸೆರಗನ್ನು ಹಿಂದಿನವಳು ಹಿಡಿದುಕೊಂಡು ಸಾಲಾಗಿ ನಡೆಯುತ್ತಿದ್ದರು. ಸಾಲಿನ ಮುಂದೆ ಭೀಮಕ್ಕ. ಸೆರಗು ಜಗ್ಗಿದರೆ ನಿಲ್ಲಬೇಕು, ಸಡಿಲಾದರೆ ಕೂಗಬೇಕು ಎಂಬುದು ಅವಳು ಹಾಕಿದ ಕಾನೂನು.

ಪೊದೆಯಲ್ಲಿ ಕುಡಿದವರು ಕಾಯುತ್ತಿದ್ದರು. ಮೂಗುಬಟ್ಟು ಕಿತ್ತರು, ಸೆರಗಿನ ಗಂಟು ಬಿಚ್ಚಿದರು, ಮೈಮೇಲೆ ಕೈ ಹಾಕಿದರು. ಒಂದು ಸಂಜೆ ಸಾಲಿನ ಕೊನೆಯಲ್ಲಿದ್ದ ನಮ್ಮವ್ವನನ್ನು ಎಳೆದರು. ಅವ್ವ ಮದುವೆಯಾಗಿ ಬಂದ ಹೊಸತು. ಬಾಯಿಗೆ ಬಟ್ಟೆ ತುರುಕಿ, ಬಲಗೈಯನ್ನು ಬೆನ್ನ ಹಿಂದೆ ತಿರುಚಿದರು. ಮೊಳಕೈ ಲಟಕ್ಕೆಂದು ಮುರಿದದ್ದು ಮುಂದಿದ್ದವರಿಗೂ ಕೇಳಿಸಿತಂತೆ. ಹತ್ತಿಯ ಅಂಡಿಗೆಗಳಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆಗಳಿಗೆ, ಬಿಗಿಯುವ ಕಬ್ಬಿಣದ ಪಟ್ಟಿಯ ತುಂಡೊಂದನ್ನು ಭೀಮಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಅದನ್ನು ಸೆಳೆದುಕೊಂಡು ಪೊದೆಗೆ ನುಗ್ಗಿ ಕತ್ತಲಿಗೇ ಬೀಸಿದಳು. ಯಾರೋ ಕಿರುಚಿದರು, ಅವ್ವನ ಮುಖಕ್ಕೆ ಬಿಸಿ ರಕ್ತ ಸಿಡಿಯಿತು, ಮುಳ್ಳು ಮುರಿದುಕೊಂಡು ಕಾಲುಗಳು ಓಡಿದವು. ಅವ್ವನ ಬಲಗೈ ಆಮೇಲೆ ಎಂದೂ ನೆಟ್ಟಗಾಗಲಿಲ್ಲ. ನನ್ನನ್ನು ಎತ್ತಿ ಆಡಿಸಿದ್ದೆಲ್ಲ ಎಡಗೈಯಲ್ಲೇ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಡಿದುಕೊಳ್ಳುತ್ತವೆ.

ಭೀಮಕ್ಕ ಹೆಂಗಸರನ್ನು ಕರೆದುಕೊಂಡು ಠಾಣೆಗೆ ಹೋದಳು. ಅಲ್ಲಿನ ಸಬ್ ಇನ್ಸ್‌ಪೆಕ್ಟರು ತೆಲುಗಿನವರು. "ಎವರಮ್ಮಾ? ಮೊಖಂ ಚೂಸಿನಾವಾ?" ಎಂದು ಕೇಳಿದರು.

"ಕತ್ತಲಾಗ ಮೊಖ ಎಲ್ಲಿಂದ ಕಾಣಬೇಕು ಸಾರೂ?" ಎಂದಳು ಭೀಮಕ್ಕ.

"ಮೊಖ ನೋಡಿಲ್ಲಂದ್ರೆ ಯಾರ ಮೇಲೆ ಕೇಸು ಬರೀಲಿ, ನೀನೇ ಹೇಳು" ಎಂದರು ಅವರು, ಹರಕು ಕನ್ನಡದಲ್ಲಿ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಭೀಮಕ್ಕನಿಗೆ ಸಿಟ್ಟು ನೆತ್ತಿಗೇರಿದ್ದೇ ಅದಕ್ಕೆ. ಹೊರಗೆ ಬಂದವಳೇ ಹೆಂಗಸರಿಗೆ ಹೇಳಿದಳು: "ನಮಗ ಬೆಳಕು ಬೇಕು. ಒಂದ ಸಲ ಮೊಖ ಕಾಣ್ಲಿ ಸಾಕು, ಜೇಲು ಹತ್ತಿಸದಿದ್ದರ ಕೇಳ್ರಿ."

ಬೆಳಕು ತರುವ ಆಸೆ ಇನ್ನೊಬ್ಬನಿಗೂ ಇತ್ತು. ಸಂಜೆಯಾದ ಮೇಲೆ ಬರುವ ಬಸ್ಸು, ಲಾರಿಯವರಿಗೆ ತನ್ನ ಬಂಕು ಕಾಣುವುದೇ ಇಲ್ಲ ಎಂಬುದು ಯರ್ರೆಪ್ಪನ ದುಃಖ. ರಸ್ತೆಯಂಚಿಗೆ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿ, ಒಳಗೆ ಬಲ್ಬು ಹಾಕಿ, 'ಪೆಟ್ರೋಲ್' ಎಂಬ ಅಕ್ಷರ ಉರಿಯುವಂತೆ ಮಾಡಬೇಕೆಂದು ಹೊರಟ. ರಸ್ತೆಯಂಚಿನಲ್ಲಿ ಕಂಬ ನೆಡಬೇಕಾದರೆ ರಸ್ತೆ ಕಮಿಟಿಯ ಪರವಾನಗಿ ಬೇಕಿತ್ತು. ಕಮಿಟಿಯವರು ತಕರಾರು ಇದ್ದವರು ಬಂದು ಹೇಳಬಹುದು ಎಂದು ಡಂಗುರ ಹೊಡೆಸಿದರು. ಅಂಜಿನಪ್ಪ ತಕರಾರು ಎತ್ತಿದ. ದೀಪ ಕಂಡರೆ ಹತ್ತಿಗಾಡಿಯ ಎತ್ತುಗಳು ಬೆದರುತ್ತವೆ ಎಂಬುದು ಅವನ ವಾದ. ಎತ್ತುಗಳ ಮೇಲೆ ಅವನಿಗೆ ಅಷ್ಟು ಪ್ರೀತಿ ಯಾವಾಗ ಹುಟ್ಟಿತೋ! ಬೆಳಕು ಬಿದ್ದರೆ ಊರ ಮಾನವಂತರು ಅವನ ಅಂಗಡಿಗೆ ಬರುವುದಿಲ್ಲ, ನಿಜವಾದ ಸಂಗತಿ ಅಷ್ಟೇ.

ಕಮಿಟಿ ಕೂತ ದಿನ ಭೀಮಕ್ಕ ಜಿನ್ನಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋದಳು. ಯರ್ರೆಪ್ಪನಿಗೇ ಆಶ್ಚರ್ಯ. ಮೆಂಬರೊಬ್ಬ ಕುರ್ಚಿಯಲ್ಲಿ ಹಿಂದಕ್ಕೊರಗಿ, "ಅಲ್ಲಬೇ, ಮೋಟರ್ ಇಲ್ಲದಾಕಿಗೆ ಪೆಟ್ರೋಲ್ ಬೋರ್ಡು ಯಾಕ? ಏನ್ ಕುಡೀತಿಯೇನು ಪೆಟ್ರೋಲು?" ಎಂದ. ಕಮಿಟಿಯೆಲ್ಲ ಘೊಳ್ಳೆಂದು ನಕ್ಕಿತು. ಭೀಮಕ್ಕ ನಮ್ಮವ್ವನನ್ನು ಮುಂದಕ್ಕೆಳೆದು, ಕೈಗೆ ಕಟ್ಟಿದ್ದ ಬಿದಿರಿನ ಸೀಳುಗಳನ್ನು ಬಿಚ್ಚಿ, ಬಾತುಕೊಂಡು ಸೊಟ್ಟಗಾಗಿದ್ದ ಆ ಕೈಯನ್ನು ಅವನ ಮೇಜಿನ ಮೇಲಿಟ್ಟಳು. ಅವ್ವ ನೋವಿಗೆ ಚೀರಿದಳು. "ಇದಕ್ಕ ಬೇಕು" ಎಂದಳು ಭೀಮಕ್ಕ. ನಗು ನಿಂತಿತು. ಅವ್ವ ಈ ಮಾತು ಹೇಳುವಾಗಲೆಲ್ಲ, "ಆಕಿ ಒಂದ ಮಾತು ನನ್ನ ಕೇಳಿ ಬಿಚ್ಚಬೇಕಿತ್ತು, ಮುಂಡೇದು" ಎಂದು ಬೈಯುತ್ತಿದ್ದಳು. ಬೈದು ಕಣ್ಣೊರಸಿಕೊಳ್ಳುತ್ತಿದ್ದಳು.

ಕಮಿಟಿಯವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತೀರ್ಮಾನ ಮಾಡಿದರು. ದೀಪದ ಬೋರ್ಡಿಗೆ ಪರವಾನಗಿ ಉಂಟು. ಆದರೆ ಹತ್ತಿಗಾಡಿಗಳೂ ಹೆಂಗಸರೂ ಹಾಯುವ ದಾರಿಯ ಕಡೆಗೆ, ಅಂದರೆ ಜಾಲಿಪೊದೆಯ ಕಡೆಗೆ, ಬೆಳಕು ಬೀಳಬಾರದು. ಪೆಟ್ಟಿಗೆಯ ಆ ಮಗ್ಗುಲಿಗೆ ತಗಡು ಹೊಡೆಯಬೇಕು. ಅಂಜಿನಪ್ಪನಿಗೆ ಖುಷಿ. ಯರ್ರೆಪ್ಪನಿಗೂ ಖುಷಿ, ಜಾಲಿಗಿಡ ಪೆಟ್ರೋಲು ಕೊಳ್ಳುವುದಿಲ್ಲವಲ್ಲ. ಭೀಮಕ್ಕ ಅವನನ್ನು ಬಂಕಿನ ಮುಂದೆಯೇ ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಿದಳು. "ನಾನೇನ್ ಮಾಡ್ಲೆವ್ವಾ, ತಗಡು ತೆಗದರ ಪರವಾನಗಿ ಕ್ಯಾನ್ಸಲ್ಲು" ಎಂದು ಅವನು ಅಳುವಂತಾದ. ಹನುಮಂತು ಪಂಪಿನ ಹಿಂದೆ ನೆಲ ನೋಡುತ್ತ ನಿಂತಿದ್ದ.

ದೀಪ ಹತ್ತಿತು. ಊರ ಜನ ನೋಡಲು ಬಂದರು. ಹೆಂಗಸರಿಗೆ ಮಾತ್ರ ಮೊದಲಿಗಿಂತ ಕೇಡಾಯಿತು. ಜಿನ್ನಿನಿಂದ ಬಂದು ರಸ್ತೆಯ ಬೆಳಕಿನಲ್ಲಿ ಹಾಯುವಾಗ ಒಬ್ಬೊಬ್ಬಳ ಮುಖ, ಮೂಗು, ಕಿವಿ ಎಲ್ಲ ನಿಚ್ಚಳವಾಗಿ ಪೊದೆಯಲ್ಲಿದ್ದವರಿಗೆ ಕಾಣುತ್ತಿತ್ತು. ಕಂಬ ದಾಟಿ ತಗಡಿನ ಮರೆಗೆ ಬಂದರೆ ಇವರ ಕಣ್ಣಿಗೆ ಕತ್ತಲು ಕಟ್ಟಿ, ಮುಂದಿನವಳ ಬೆನ್ನೂ ತೋರುತ್ತಿರಲಿಲ್ಲ. ಯಾರನ್ನು ಎಳೆಯಬೇಕೆಂದು ಅವರು ಆರಿಸಿಕೊಳ್ಳಬಹುದಿತ್ತು, ಇವರು ಕುರುಡರಂತೆ ನಡೆಯಬೇಕಿತ್ತು. ಇಂಥ ಬೆಳಕು ಕೊಟ್ಟ ಕಮಿಟಿಯ ಮನೆ ಹಾಳಾಗಲಿ.

ಕೈ ಕೂಡಿಕೊಂಡ ಮೇಲೆ ಅವ್ವ ಮತ್ತೆ ಕೆಲಸಕ್ಕೆ ಹೋದಳು. ಭೀಮಕ್ಕ ಅವಳನ್ನು ತನ್ನ ಬೆನ್ನ ಹಿಂದೆಯೇ ಇಟ್ಟುಕೊಂಡಳು. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ತಗಡಿನ ಮರೆಗೆ ಕಾಲಿಟ್ಟ ಕೂಡಲೇ ಭೀಮಕ್ಕನ ತಲೆಗೆ ದೊಣ್ಣೆಯ ಏಟು ಬಿತ್ತು. ಸಾಲಿನ ತಲೆಯನ್ನೇ ಮೊದಲು ಕೆಡವಬೇಕೆಂದು ಅವರು ಯೋಚಿಸಿಕೊಂಡೇ ಬಂದಿದ್ದರು. ಅವ್ವನ ಜಡೆ ಹಿಡಿದು ಮುಳ್ಳಿನ ಮೇಲೆ ಎಳೆದರು. ಹೆಂಗಸರು ಕಲ್ಲೆತ್ತಿಕೊಂಡರು, ಬುಟ್ಟಿಯಿಂದ ಬಡಿದರು; ಯಾರ ಕಲ್ಲು ಯಾರಿಗೆ ಬೀಳುತ್ತಿದೆಯೆಂದು ತಿಳಿಯದೆ ಕೇರಿಯವರೇ ಕೇರಿಯವರ ತಲೆ ಒಡೆದರು. ಒಬ್ಬನ ಕೈಗೆ ಅವ್ವ ಕಚ್ಚಿದಳು, ಚರ್ಮ ಕಿತ್ತು ಬಾಯಿಗೆ ಬಂತು.

ಭೀಮಕ್ಕ ಸಾಯುವ ಹೆಂಗಸಲ್ಲ. ನೆಲದ ಮೇಲಿಂದಲೇ ಅವ್ವನನ್ನು ಎಳೆಯುತ್ತಿದ್ದವನ ಕಾಲು ಹಿಡಿದು ಉರುಳಿಸಿದಳು. ಅವನೆದೆಯ ಮೇಲೆ ಮೊಣಕಾಲೂರಿ ಸೊಂಟದ ಕಬ್ಬಿಣದ ಪಟ್ಟಿಯಿಂದ ಬಡಿಯತೊಡಗಿದಳು. ಅವನು ಅವಳ ಹೆಬ್ಬೆರಳು ಕಚ್ಚಿದ. ಅವಳು ಬಾಯಿಗೇ ಬಡಿದಳು; ಹಲ್ಲು ಮುರಿದ ಸದ್ದು ಬಂತು. ಭುಜಕ್ಕೆ, ಕಿವಿಗೆ, ಮತ್ತೆ ಬಾಯಿಗೆ. "ಬೆಳಕೋ! ಯಾರರ ಬೆಳಕು ತರ್ರೋ! ಸಿಕ್ಕಾನ, ಒಬ್ಬ ಸಿಕ್ಕಾನ!" ಎಂದು ಕೂಗುತ್ತಿದ್ದಳು.

ಆ ಕೂಗು ಬಂಕಿನಲ್ಲಿದ್ದ ಹನುಮಂತುವಿಗೆ ಕೇಳಿತು. ಜೀವಮಾನದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಒಂದು ಹೆಜ್ಜೆ ಇಡದವನು, ಯರ್ರೆಪ್ಪ "ಏಯ್, ಏಯ್, ಪರವಾನಗಿ!" ಎಂದು ಬಡಿದುಕೊಳ್ಳುತ್ತಿದ್ದರೂ ಕೇಳದೆ ಕಂಬ ಹತ್ತಿದ. ಮೊಳೆ ಹೊಡೆದ ತಗಡಿಗೆ ಬರಿಗೈ ಹಾಕಿ ಎಳೆದ. ಅಂಚು ಅಂಗೈ ಸೀಳಿ ರಕ್ತ ಮೊಳಕೈಗೆ ಇಳಿಯಿತು. ಬಿಡಲಿಲ್ಲ. ತಗಡು ಒಂದು ಮಗ್ಗುಲು ಕಿತ್ತು ಜೋತುಬಿತ್ತು, ಪೊದೆಯ ಮೇಲೆಲ್ಲ ಬೆಳಕು ಚೆಲ್ಲಿತು. ಮೈಮೇಲೆ ಬಿದ್ದ ಮೂವರಲ್ಲಿ ಉಳಿದಿಬ್ಬರು ಓಡಿದರು.

ಭೀಮಕ್ಕನ ಮೊಣಕಾಲ ಕೆಳಗೆ ಬಿದ್ದಿದ್ದವನು ಮಾರಣ್ಣ.

ಗುಂತಕಲ್ಲಿನ ಕೆಲಸ ಬಿಟ್ಟು, ಮನೆಗೆ ಹೇಳದೆ, ಅಂಜಿನಪ್ಪನ ಅಂಗಡಿಯ ಹಿಂದೆ ಬಿದ್ದಿದ್ದನಂತೆ. ಅದು ಆಮೇಲೆ ತಿಳಿದದ್ದು. ಆಗ ಕಂಡದ್ದು ಹರಿದ ತುಟಿ, ರಕ್ತ ತುಂಬಿದ ಬಾಯಿ. "ಯವ್ವಾ, ನೀನಂತ ಗೊತ್ತಿರಲಿಲ್ಲಬೇ" ಎಂದ.

"ಆ ದೀಪದಾಗ ನನ್ನ ಮೊಖ ಕಾಣಲಿಲ್ಲೇನಲೇ ನಿನಗ?" ಎಂದಳು ಭೀಮಕ್ಕ. ಪಟ್ಟಿ ಹಿಡಿದ ಕೈ ಮೇಲೆಯೇ ನಿಂತಿತ್ತು.

ಕಂಬದ ಮೇಲಿದ್ದ ಹನುಮಂತುವೂ ನೋಡಿದ. ನೋಡಿದವನೇ ಜೋತುಬಿದ್ದ ತಗಡನ್ನು ಸೀಳಿದ ಕೈಗಳಿಂದಲೇ ಮತ್ತೆ ಮೇಲಕ್ಕೆಳೆದು ಮುಚ್ಚಲು ಹೆಣಗಾಡಿದ. "ಭೀಮೀ, ಬಿಡೇ ಅವನ್ನ. ಓಡಿಹೋಗ್ಲಿ. ನಾ ಮುಚ್ಚತೀನಿ, ಈಗ ಮುಚ್ಚತೀನಿ" ಎಂದು ಅಳುತ್ತಿದ್ದ. ತಗಡು ಅವನ ರಕ್ತಕ್ಕೆ ಜಾರಿ ಜಾರಿ ಬೀಳುತ್ತಿತ್ತು. ಕೆಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಕಲ್ಲು ಕೆಳಗಿಟ್ಟರು. "ನಾವೇನೂ ನೋಡಿಲ್ಲವ್ವ ಭೀಮಕ್ಕ" ಎಂದು ಯಾರೋ ಅಂದರು. ನಮ್ಮವ್ವನೂ ಮುಖ ಆಚೆ ತಿರುಗಿಸಿಕೊಂಡಳು.

"ಮುಚ್ಚಬ್ಯಾಡ!" ಭೀಮಕ್ಕ ಗಂಡನಿಗೆ ಅರಚಿದಳು. ಆ ದನಿಗೆ ಅವನ ಕೈ ನಿಂತುಹೋಯಿತು. ಅವಳು ಪಟ್ಟಿ ಬಿಸಾಡಿ, ಒಂದು ಕೈಯಲ್ಲಿ ಮಗನ ಕೂದಲು ಹಿಡಿದು ಅವನ ಮುಖವನ್ನು ಬೆಳಕಿಗೆ ಎತ್ತಿದಳು. ಇನ್ನೊಂದು ಕೈಯಿಂದ ನಮ್ಮವ್ವನ ಗದ್ದ ಹಿಡಿದು ತಿರುಗಿಸಿದಳು.

"ಇಲ್ಲಿ ನೋಡು ವೆಂಕಮ್ಮಾ. ಸರಿಯಾಗಿ ನೋಡಿಕೋ. ಠಾಣ್ಯಾಗ ಕೇಳ್ತಾರ."