ಮೊರದ ಮರೆಯಿಂದ ಕರೆದ ಹೆಸರು

ಜನ ಮುಖದ ಮಾಸ್ಕು ಬಿಚ್ಚಿಟ್ಟ ಮರುವರ್ಷದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿ, ಅಂದರೆ ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವವಳಾಗಿ, ಮೂವತ್ತು ವರ್ಷ ದುಡಿದು ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ಸೊಪ್ಪು ಸೋಸುವುದು ನನಗೆ ಒಗ್ಗುವ ಕೆಲಸವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಹುಟ್ಟಿದ ಕೂಸುಗಳ ಕಿವಿ ಪರೀಕ್ಷಿಸುವ ಒಂದು ಸಂಶೋಧನಾ ಯೋಜನೆಗೆ ಮೇಲ್ವಿಚಾರಕಿಯಾಗಿ ಬರುತ್ತೀರಾ ಎಂದು ಕೇಳಿದಾಗ ಮಾತು ಮುಗಿಯುವ ಮೊದಲೇ ಹೂಂ ಅಂದೆ.

ಆ ಯೋಜನೆಯಲ್ಲಿ ಮೂರು ತರಹದ ಜನ ಇದ್ದರು. ಜೀವಶಾಸ್ತ್ರದವರು ಹುಟ್ಟು ಕಿವುಡಿಗೆ ಕಾರಣವಾಗುವ ಜೀನ್‌ಗಳನ್ನು ಹುಡುಕುತ್ತಿದ್ದರು. ಎಲೆಕ್ಟ್ರಾನಿಕ್ಸ್‌ನವರು ಮೊಬೈಲಿಗೆ ಸಿಕ್ಕಿಸುವ ಅಗ್ಗದ ಪರೀಕ್ಷಾ ಯಂತ್ರ ಮಾಡಿದ್ದರು. ಸಮಾಜ ನೀತಿಯವರದು ಒಂದೇ ಪ್ರಶ್ನೆ: ಮತ್ತೆ ಬನ್ನಿ ಎಂದರೆ ತಾಯಂದಿರು ಯಾಕೆ ಬರುವುದಿಲ್ಲ? ಮೂರು ಕಡೆಯ ಬೀಗರು ಒಂದೇ ಮದುವೆಗೆ ಬಂದ ಹಾಗಿತ್ತು. ಎಲ್ಲರಿಗೂ ಬಿಸಿನೀರು ಕಾಯಿಸುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ವೃತ್ತಿಗೆ ಒಂದು ಸುಖವಿದೆ. ಕೂಸು ನಿದ್ದೆ ಹೋಗದೆ ನಮ್ಮ ಕೆಲಸ ಶುರುವಾಗುವುದಿಲ್ಲ. ನ್ಯಾಮತಿಯ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹಾಲು ಕುಡಿದ ಕೂಸುಗಳು ಸಾಲಾಗಿ ಮಲಗುತ್ತಿದ್ದವು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಪಿಸುಮಾತನ್ನೂ ನಿಲ್ಲಿಸುತ್ತಿದ್ದೆವು. ತಾಯಂದಿರೂ ಗೋಡೆಗೊರಗಿ ತೂಕಡಿಸುತ್ತಿದ್ದರು. ನಾನು ಒಂದೊಂದೇ ಕಿವಿಗೆ ಮೆತ್ತನೆಯ ತುದಿ ಇಟ್ಟು ಕಾಯುತ್ತಿದ್ದೆ. ಒಳಕಿವಿ ಕೇಳುವುದಷ್ಟೇ ಅಲ್ಲ, ಸದ್ದು ಬಂದಾಗ ತಾನೂ ಒಂದು ಕ್ಷೀಣವಾದ ಸದ್ದು ಹೊರಗೆ ಕಳಿಸುತ್ತದೆ. ಇದಕ್ಕೆ ಓಟೋ ಅಕೌಸ್ಟಿಕ್ ಎಮಿಷನ್ ಎನ್ನುತ್ತೇವೆ. ಆ ಸದ್ದು ಬಂದರೆ ಪಾಸ್, ಬಾರದಿದ್ದರೆ ರೆಫರ್. ರೆಫರ್ ಎಂದರೆ ಮತ್ತೆ ನೋಡಬೇಕು ಅಂತ ಅರ್ಥ. ನಿದ್ದೆಯಲ್ಲಿದ್ದವರ ಒಳಗಿನಿಂದ ಬರುವ ಆ ಉತ್ತರಕ್ಕೆ ಕಾಯುವಾಗ ನನಗೂ ಅರೆಗನಸು ಹತ್ತುತ್ತಿತ್ತು. ಸಂಬಳ ಕೊಟ್ಟು ಕನಸು ಕಾಣಿಸುವ ನೌಕರಿ ಇನ್ನೆಲ್ಲಿದೆ ಹೇಳಿ!

ಆ ಸಾಲಿನಲ್ಲಿ ಒಂದು ಕೂಸಿನಿಂದ ಉತ್ತರ ಬರಲಿಲ್ಲ. ತಾಯಿ ಶಿಲ್ಪಾ, ಚೊಚ್ಚಲ ಹೆರಿಗೆಗೆ ನ್ಯಾಮತಿಯ ತವರಿಗೆ ಬಂದಿದ್ದಳು. ಹುಟ್ಟಿದ ಮರುದಿನ ಎರಡೂ ಕಿವಿ ರೆಫರ್. ಎಳೆಗೂಸಿನ ಕಿವಿಯಲ್ಲಿ ಗರ್ಭದ ನೀರು ನಿಂತರೂ ಹೀಗಾಗುತ್ತದೆ, ಆದ್ದರಿಂದ ಒಂದೂವರೆ ತಿಂಗಳಿಗೆ ಮತ್ತೆ ಬಾ ಎಂದೆವು. ಅವಳು ಬರಲಿಲ್ಲ. ಐದನೇ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ, ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಹೋಗಿಬಿಟ್ಟಿದ್ದಳು. ತವರಿನಲ್ಲಿ ಹುಟ್ಟಿ ಗಂಡನ ಮನೆಯಲ್ಲಿ ಬೆಳೆಯುವ ಕೂಸನ್ನು ಯಾವ ತಾಲ್ಲೂಕಿನವರು ಹುಡುಕಬೇಕು ಎಂದು, ದೊಡ್ಡ ತಲೆಗಳೆಲ್ಲ ಕೂತು ಮಾಡಿದ ಆ ಯೋಜನೆಯಲ್ಲಿ ಯಾರೂ ಯೋಚಿಸಿರಲಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಫೋನು ಮಾಡಿ ಮಾಡಿ ಬೇಸತ್ತು, ಕೊನೆಗೆ ಒಂದು ದಿನ ಜಗಳೂರಿನ ಬಸ್ಸು ಹತ್ತಿದೆ. ಕೂಸಿಗೆ ಆಗಲೇ ಏಳು ತಿಂಗಳು ತುಂಬಿತ್ತು.

ನನ್ನ ಅವಸರಕ್ಕೆ ಕಾರಣವಿತ್ತು. ಮೆದುಳಿನಲ್ಲಿ ಕೇಳುವುದಕ್ಕೆಂದು ಮೀಸಲಾದ ಜಾಗವಿದೆ. ಸದ್ದೇ ಬಾರದಿದ್ದರೆ, ಖಾಲಿ ಸೈಟಿಗೆ ಪಕ್ಕದವರು ಬೇಲಿ ಹಾಕಿಕೊಂಡ ಹಾಗೆ, ನೋಡುವ ಕೆಲಸ ಆ ಜಾಗಕ್ಕೆ ಕಾಲಿಡುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಗೆ ಕೇಳಿಸುವ ಸಾಧನ ಕೂರಿಸುವ ಶಸ್ತ್ರಚಿಕಿತ್ಸೆ, ಆದರೆ ಮಾತು ಸರಾಗವಾಗಿ ಬರುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಷ್ಟ. ಆ ಕೂಸು ಮುಂದೆ ಮಾತಾಡುತ್ತದೋ ಇಲ್ಲವೋ ಎಂಬುದು ಮುಂದಿನ ಕೆಲವೇ ತಿಂಗಳುಗಳ ಮೇಲೆ ನಿಂತಿತ್ತು.

ಮನೆ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ಗಿರಣಿ ನಡೆಸುವವಳು ಹಾಲಮ್ಮ. ಶಿಲ್ಪಾಳ ಗಂಡನ ಅಕ್ಕ, ಅಂದರೆ ಕೂಸಿಗೆ ಸೋದರತ್ತೆ. ಜೋಳ, ರಾಗಿ ಬೀಸುವ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಊರಾಚೆಗೂ ಕೇಳುತ್ತಿತ್ತು. ಆ ಗದ್ದಲದ ಮಧ್ಯೆ, ತೆರೆದ ಬಾಗಿಲ ಆಚೆ, ತೊಟ್ಟಿಲಲ್ಲಿ ಕೂಸು ನೆಮ್ಮದಿಯಾಗಿ ಮಲಗಿತ್ತು. ಹಿಟ್ಟಿನ ಧೂಳು ಬಿಸಿಲಕೋಲಿನಲ್ಲಿ ತೇಲುತ್ತಿತ್ತು. ಕೂಸಿನ ರೆಪ್ಪೆಯ ಮೇಲೂ ತೆಳ್ಳಗೆ ಹಿಟ್ಟು ಕೂತಿತ್ತು. ಕರೆಂಟು ಹೋಗಿ ಗಿರಣಿ ನಿಂತಿತು. ಇಡೀ ಬೀದಿಗೆ ನಿದ್ದೆ ಬಂದ ಹಾಗೆ ಮೌನ ಇಳಿಯಿತು.

ಕೂಸು ನಿದ್ದೆಯಲ್ಲಿದ್ದಂತೆಯೇ ಪರೀಕ್ಷೆ ಮಾಡಿದೆ. ಈ ಸಲವೂ ಎರಡೂ ಕಿವಿಯಿಂದ ಉತ್ತರವಿಲ್ಲ. ವಿಷಯ ಹೇಳಿದಾಗ ಶಿಲ್ಪಾಳ ಮುಖ ಬಾಡಿತು. ಹಾಲಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿಮ್ ಮಿಷನ್ ಕೆಟ್ಟೈತೆ ನೋಡ್ರಿ ಮೇಡಮ್ಮೋರೆ. ತೊಟ್ಲಿಗೆ ಹಾಕಿದ ದಿನ ಕಿವಿಯಾಗೆ ಕುರ್ರ್ ಅಂದು ಹೆಸ್ರು ಹೇಳಿದಾಕೆ ನಾನು. ಕೂಸು ನನ್ ಕಡೆ ತಿರುಗಿ ನೋಡ್ತು. ಇಡೀ ಓಣಿ ಹೆಂಗಸ್ರು ಕಂಡವ್ರೆ."

ನಮ್ಮ ಕಡೆಯ ಪದ್ಧತಿ ಅದು. ನಾಮಕರಣದ ದಿನ ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುತ್ತಾಳೆ. ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಕೂಸಿಗೆ ಸಿಂಚನ ಎಂದು ಹೆಸರಿಟ್ಟದ್ದು ಹಾಗೆ. ಆ ಕೂಸು ತಿರುಗಿ ನೋಡಿದ ಮೇಲೆ ನಮ್ಮ ರೆಫರ್ ಚೀಟಿಗೆ ಯಾರು ಬೆಲೆ ಕೊಡುತ್ತಾರೆ? ಮನೆಯವರು ಉದಾಸೀನ ಮಾಡಿ ಕೂತಿರಲಿಲ್ಲ. ಅವರ ಪರೀಕ್ಷೆಯಲ್ಲಿ ಕೂಸು ಪಾಸಾಗಿತ್ತು.

"ಹಂಗಾದ್ರೆ ಈಗೊಮ್ಮೆ ಕರೀರಿ ಹಾಲಮ್ಮ, ನಾನೂ ನೋಡ್ತೀನಿ," ಅಂದೆ.

ಕೂಸು ಎಚ್ಚರವಾಗಿ ತಾಯಿಯ ತೊಡೆಯ ಮೇಲೆ ನನ್ನ ಪೆನ್ನಿನೊಂದಿಗೆ ಆಡುತ್ತಿತ್ತು. ಹಾಲಮ್ಮ ಹಿಂದಿನಿಂದ ಬಾಗಿ ಕಿವಿಗೆ ಬಾಯಿಟ್ಟು, "ಕುರ್ರ್... ಸಿಂಚನಾ" ಅಂದಳು. ಕೂಸು ಥಟ್ಟನೆ ತಿರುಗಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಶಿಲ್ಪಾಳ ಕಣ್ಣಲ್ಲಿ ನೀರು ಬಂತು. ಹಾಲಮ್ಮ ನನ್ನನ್ನು ನೋಡಿದ ನೋಟದಲ್ಲಿ 'ಇನ್ನು ಬಸ್ಸು ಹತ್ತು' ಎಂದು ಬರೆದಿತ್ತು. ನಿಜ ಹೇಳುತ್ತೇನೆ, ಯಂತ್ರವೇ ಸುಳ್ಳಾಗಲಿ ದೇವರೇ ಎಂದು ನನ್ನ ಮನಸ್ಸೂ ಬೇಡಿಕೊಂಡಿತು.

ಆದರೆ ಅವಳು ಬಾಗಿದಾಗ ಕೂಸಿನ ಕಿವಿಯ ಹತ್ತಿರದ ಸಣ್ಣ ಕೂದಲು ಅಲುಗಾಡಿದ್ದನ್ನು ನೋಡಿದ್ದೆ. ಮೂಲೆಯಲ್ಲಿದ್ದ ಮೊರ ತಂದು ಹಾಲಮ್ಮನ ಕೈಗೆ ಕೊಟ್ಟೆ.

"ಇದನ್ನ ಬಾಯಿಗೆ ಅಡ್ಡ ಹಿಡ್ಕಂಡು ಇನ್ನೊಂದ್ಸಲ ಕರೀರಿ."

ಹಾಲಮ್ಮ ಕರೆದಳು. ಕೂಸು ಪೆನ್ನು ಕಚ್ಚುತ್ತಿತ್ತು. ದನಿ ಏರಿಸಿ ಕರೆದಳು. ಹೊರಗೆ ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ನಿಂತಿತು. ಮೂರನೇ ಸಲ ಕೂಗಿದ ಕೂಗಿಗೆ ಎದುರು ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಕೂಸು ಪೆನ್ನಿನ ಮುಚ್ಚಳ ತೆಗೆಯುವುದರಲ್ಲೇ ಮಗ್ನವಾಗಿತ್ತು.

ಹಾಲಮ್ಮ ಮೊರ ಕೆಳಗಿಟ್ಟಳು. ಆಮೇಲೆ ಅವಳು ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮತ್ತೆ ಕೂಸಿನ ಹಿಂದೆ ಬಾಗಿ, ಒಂದು ಅಕ್ಷರವನ್ನೂ ಆಡದೆ, ಬರೀ ಉಸಿರು ಊದಿದಳು. ಕೂಸು ತಿರುಗಿ ಅದೇ ನಗು ನಕ್ಕಿತು.

"ಉಸಿರಿಗೆ ತಿರುಗಿದ್ದು," ಅಂದಳು. "ನಾನಿಟ್ಟ ಹೆಸ್ರು ಇದಕ್ಕೆ ಮುಟ್ಟೇ ಇಲ್ಲ ಹಂಗಾದ್ರೆ." ಹಿಟ್ಟಿನ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿ ಅತ್ತಳು. ಊರೆಲ್ಲ ಕೇಳುವ ದನಿಯವಳು, ಸದ್ದಿಲ್ಲದೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಬೀಸಿಸಲು ಬಂದವರು ಬಾಗಿಲಲ್ಲಿ ಕಾದರು. ಅವಳು ಏಳಲಿಲ್ಲ.

ಆಸ್ಪತ್ರೆಯಲ್ಲಿ ಬೆರಾ ಪರೀಕ್ಷೆಗೆ ಶಿಲ್ಪಾಳ ಜೊತೆ ಗಿರಣಿಗೆ ಬೀಗ ಹಾಕಿ ಹಾಲಮ್ಮನೂ ಬಂದಳು. ತಲೆಗೆ ತಂತಿ ಅಂಟಿಸಿ, ಸದ್ದಿಗೆ ನರ ಮಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಅದಕ್ಕೂ ಕೂಸು ಮಲಗಬೇಕು. ಹಾಲಮ್ಮ ಎದೆಗೊತ್ತಿಕೊಂಡು ಜೋಗುಳ ಹಾಡತೊಡಗಿದಳು.

"ಅತ್ತಿಗೆ, ಅದಕ್ಕೆ ಕೇಳಾದಿಲ್ವಲ್ಲ," ಅಂದಳು ಶಿಲ್ಪಾ.

"ಎದೆ ನಡುಗೋದು ಗೊತ್ತಾಗ್ತೈತೆ ಅಲ್ಲೇನೆ? ಸುಮ್ಕಿರು."

ಕತ್ತಲು ಮಾಡಿದ ಕೋಣೆಯಲ್ಲಿ ಆ ಹಾಡು ಬಹಳ ಹೊತ್ತು ನಡೆಯಿತು. ಕೂಸು ಹಾಲಮ್ಮನ ಎದೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಯಿತು. ಪರದೆಯ ಮೇಲೆ ತೊಂಬತ್ತು ಡೆಸಿಬೆಲ್‌ಗೂ, ಅಂದರೆ ಗಿರಣಿಯ ಪಕ್ಕ ನಿಂತಷ್ಟು ಸದ್ದಿಗೂ, ಗೆರೆ ಅಲುಗಲಿಲ್ಲ.

ಮೊದಲು ಕೆಲವು ತಿಂಗಳು ಶ್ರವಣ ಸಾಧನ ಹಾಕಿ ನೋಡಿದೆವು, ಉಪಯೋಗವಾಗಲಿಲ್ಲ. ಮೊದಲ ಹುಟ್ಟುಹಬ್ಬ ಕಳೆದ ಸ್ವಲ್ಪ ದಿನಕ್ಕೆ ಸರ್ಕಾರದ ಯೋಜನೆಯಡಿ ಇಂಪ್ಲಾಂಟ್ ಆಯಿತು. ಕಿವಿಯ ಹಿಂದಿನ ಮೈಕು ಸದ್ದನ್ನು ಹಿಡಿಯುತ್ತದೆ, ಒಳಗಿಟ್ಟ ಎಳೆಯಂಥ ಎಲೆಕ್ಟ್ರೋಡು ಅದನ್ನು ವಿದ್ಯುತ್ತಾಗಿ ನರಕ್ಕೆ ಮುಟ್ಟಿಸುತ್ತದೆ. ಸ್ವಿಚ್ ಹಾಕಿದ ದಿನ ಎಲ್ಲರೂ ನಗುವಿಗೆ ಕಾದಿದ್ದರು. ಸಿಂಚನ ಹೆದರಿ ಕಿಟಾರನೆ ಕಿರುಚಿ ಅತ್ತಿತು. "ಅಯ್ಯೋ, ನಮ್ ಲೋಕ ಇದಕ್ಕೆ ಹಿಡಿಸ್ಲಿಲ್ಲ ಕಣ್ರಿ," ಎಂದು ಹಾಲಮ್ಮ ಅಳುತ್ತಲೇ ನಕ್ಕಳು. ಸದ್ದನ್ನು ಮಾತಾಗಿ ತಿಳಿಯಲು ದಿನಾ ಅಭ್ಯಾಸ ಬೇಕು, ಸುತ್ತ ಗದ್ದಲ ಇರಬಾರದು ಎಂದು ಹೇಳಿ ಕಳಿಸಿದೆ. ಅಂದಿನಿಂದ ಕರೆಂಟಿದ್ದಾಗಲೂ ದಿನಕ್ಕೊಂದು ಹೊತ್ತು ಗಿರಣಿ ನಿಲ್ಲುತ್ತಿತ್ತು. ಗೊಣಗಿದವರಿಗೆ ಹಾಲಮ್ಮ, "ನಮ್ ಕೂಸು ಕೇಳ್ತಾ ಐತೆ, ಬಾಯಿ ಮುಚ್ಕಂಡು ಕೂಡ್ರಿ," ಎನ್ನುತ್ತಿದ್ದಳಂತೆ.

ನಮ್ಮ ಯೋಜನೆಯೂ ಬದಲಾಯಿತು. ಪರೀಕ್ಷೆಯಲ್ಲಿ ರೆಫರ್ ಆದ ಕೂಡಲೇ ಆಶಾ ಕಾರ್ಯಕರ್ತೆಯರು ಈಗ ಗಂಡನ ಮನೆಯ ಊರು ಯಾವುದು, ಸೋದರತ್ತೆ ಯಾರು ಎಂದು ಕೇಳುತ್ತಾರೆ. ಹೆಸರಿಡುವ ಮೊದಲೇ ಆ ಸೋದರತ್ತೆಗೆ ಮೊರದ ವಿಷಯ ಹೇಳುತ್ತಾರೆ. ನೀತಿಯವರು ಇದಕ್ಕೊಂದು ಉದ್ದನೆಯ ಹೆಸರಿಟ್ಟಿದ್ದಾರೆ, ನನಗೆ ನಾಲಿಗೆ ತಿರುಗುವುದಿಲ್ಲ. ಜನ ನಮ್ಮ ಮಾತು ಕೇಳುತ್ತಿಲ್ಲ ಎಂದು ಗೊಣಗುವ ಮೊದಲು ಅವರು ಯಾವುದನ್ನು ನೋಡಿ ನಂಬಿದ್ದಾರೆ ಎಂದು ಕೇಳಿಕೊಳ್ಳಬೇಕು. ಕಿವಿಯ ಕಸುಬು ಕಿವಿ ಹಿಂಡಿ ನನಗೆ ಕಲಿಸಿದ್ದು ಅಷ್ಟೇ.

ಇಂಪ್ಲಾಂಟ್ ಆದ ಕೆಲವು ತಿಂಗಳಿಗೆ ಬಿಳಿಚೋಡಿನಿಂದ ಕರೆ ಬಂತು. ಇನ್ನೊಂದು ಸಲ ಹೆಸರಿಡುತ್ತೇವೆ, ಬರಲೇಬೇಕು ಎಂದು. ನಾನು ಹೋದಾಗ ಗಿರಣಿ ನಿಂತಿತ್ತು. ಓಣಿಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಸಿಂಚನ ನೆಲದ ಮೇಲೆ ಚಮಚ ಬಟ್ಟಲು ಇಟ್ಟುಕೊಂಡು ಆಡುತ್ತಿತ್ತು. ಹಾಲಮ್ಮ ದೂರದಲ್ಲಿ, ಬೆನ್ನ ಹಿಂದೆ ನಿಂತು, ಅದೇ ಮೊರವನ್ನು ಬಾಯಿಗೆ ಅಡ್ಡ ಹಿಡಿದಳು.

"ಕುರ್ರ್... ಸಿಂಚನಾ."

ಚಮಚ ಹಿಡಿದ ಕೈ ನಿಂತಿತು. ಕೂಸು ನಿಧಾನಕ್ಕೆ ಹಿಂದೆ ತಿರುಗಿ, ಮೊರದ ಆಚೆ ಯಾರಿದ್ದಾರೆ ಎಂದು ಕತ್ತು ಚಾಚಿ ನೋಡಿತು.

ಹೆಂಗಸರು ಹೋ ಎಂದು ಎದ್ದು ಹಾಲಮ್ಮನ ಬೆನ್ನಿಗೆ ಮುಗಿಬಿದ್ದರು. "ಇನ್ನೂ ಜೋರಾಗಿ ಗುದ್ರೇ," ಎಂದು ಅಳುತ್ತ ಕೂಗಿದ ಅವಳು ನನ್ನ ಕೈ ಹಿಡಿದೆಳೆದಳು. "ನೀವೂ ಗುದ್ರಿ ಮೇಡಮ್ಮೋರೆ!"

ಗುದ್ದಿದೆ. ಇಷ್ಟು ವರ್ಷದ ವೃತ್ತಿಯಲ್ಲಿ ಕೂಸಿನ ಕಡೆಯವರ ಮೇಲೆ ನಾನು ಕೈಮಾಡಿದ್ದು ಅದೊಂದೇ ಸಲ.