ಹಸೈನಾರರ ಕ್ಯಾಸೆಟ್

ಶಿರಿಯದ ಕೈಜಮ್ಮನಿಗೆ ಯಾವುದನ್ನೂ ಸಾವಕಾಶವಾಗಿ ತೆಗೆದು ಗೊತ್ತಿಲ್ಲ. ಸುಡುವ ಕಾವಲಿಯಿಂದ ಪತ್ತಿರಿಯನ್ನು ಬರಿಗೈಯಲ್ಲೇ ಎತ್ತುತ್ತಾಳೆ. ಮದುವೆ ಮನೆಗಳಿಗೆ ಆ ತೆಳು ಅಕ್ಕಿರೊಟ್ಟಿ ಮಾಡಿಕೊಟ್ಟೇ ಮಗಳನ್ನು ಸಾಕಿದವಳು. ನಾನು ಅವಳ ನೆರೆಮನೆಯವಳು, ಊರಿನ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಅವಳನ್ನು ಬೈಯುವ ಅಧಿಕಾರ ನನಗಿದೆಯೆಂದು ನಾನೇ ತಿಳಿದುಕೊಂಡಿದ್ದೇನೆ.

ಅವಳ ಅಡುಗೆಮನೆಯಲ್ಲಿ ಒಂದು ಹಾಡಿನ ಪೆಟ್ಟಿಗೆಯಿದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಹಾಡುತ್ತದೆ. ಮಸೀದಿಯಿಂದ ಬಾಂಗ್ ಕೇಳಿದ ಕೂಡಲೇ ಹಾಡು ನಿಲ್ಲಬೇಕು, ಅದು ಅವರ ಮನೆಗಳ ರೀತಿ. ಹಿಟ್ಟು ಹೊಕ್ಕು ಪೆಟ್ಟಿಗೆಯ ಗುಂಡಿಗಳು ಕೆಟ್ಟಿವೆ. ಹಾಗಾಗಿ ಅವಳು ಪೆನ್‌ಡ್ರೈವನ್ನೇ ಕಿತ್ತು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. "ಒಂದು ದಿನ ಅದು ಹಾಳಾಗ್ತದೆ ಮಾರಾಯ್ತಿ," ಎಂದರೆ, "ಹಾಳಾದರೆ ಹಾಡಲ್ವಾ ಟೀಚರೇ, ಅನ್ನ ಅಲ್ಲವಲ್ಲ," ಎಂದು ನಗುತ್ತಿದ್ದಳು.

ಅವಳ ಗಂಡ ಹಸೈನಾರರು ದುಬೈಯಲ್ಲಿದ್ದರು. ಗಲ್ಫಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳುಹಿಸುತ್ತಿದ್ದ ಕಾಲ ಅದು. ಬಸುರಿ ಹೆಂಡತಿಗೆ ಅವರೂ ಒಂದು ಕಳುಹಿಸಿದರು. ಹೆಣ್ಣಾದರೆ ರಂಶೀನಾ ಎಂದು ಹೆಸರಿಡಲು ಹೇಳಿ, ಹೊಟ್ಟೆಯೊಳಗಿನ ಕೂಸನ್ನು ಆ ಹೆಸರಿನಿಂದ ಕರೆದಿದ್ದರು. ಮಗು ಹುಟ್ಟುವ ಮೊದಲೇ ಅಲ್ಲಿ ಲಾರಿ ಬಡಿದು ತೀರಿಕೊಂಡರು. ಆಮೇಲೆ ಆ ಕ್ಯಾಸೆಟ್ಟನ್ನು ಕೇಳುವ ಧೈರ್ಯ ಕೈಜಮ್ಮನಿಗೆ ಬರಲಿಲ್ಲ. ಸೀರೆಗಳ ನಡುವೆ ಇಟ್ಟವಳು ಇಟ್ಟೇಬಿಟ್ಟಳು.

ಈ ವರ್ಷ ರಂಶೀನಾ ಹೆರಿಗೆಗೆಂದು ತಾಯಿಯ ಮನೆಗೆ ಬಂದಳು. "ನನ್ನ ಹೆಸರನ್ನು ಉಪ್ಪನ ಬಾಯಲ್ಲಿ ಒಮ್ಮೆ ಕೇಳಬೇಕು ಉಮ್ಮ," ಎಂದಳು. ಅಪ್ಪನ ಸ್ವರ ಬಿಟ್ಟು ಅವಳು ಬೇರೇನನ್ನೂ ಕೇಳಲಿಲ್ಲ. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರರು ಹೇಳಿದ್ದರಿಂದ ಅವಳನ್ನು ಮನೆಯಲ್ಲೇ ಬಿಟ್ಟು, ನಾನೂ ಕೈಜಮ್ಮನೂ ನಾಯ್ಮಾರ್ಮೂಲೆಯ ಶಮೀರನ ಮೊಬೈಲ್ ಅಂಗಡಿಗೆ ಹೋದೆವು. ಟೇಪು ಓಡುತ್ತಿದ್ದ ಹಾಗೆ ಸ್ವರವನ್ನು ಪೆನ್‌ಡ್ರೈವಿಗೆ ಇಳಿಸುವ ಯಂತ್ರ ಅವನಲ್ಲಿತ್ತು.

ಶಮೀರ್ ಟೇಪನ್ನು ಬೆಳಕಿಗೆ ಹಿಡಿದು ನೋಡಿದ. "ಬೂಷ್ಟು ಹಿಡಿದಿದೆ. ಒಂದು ಸಲ ಓಡಬಹುದು, ಎರಡನೇ ಸಲ ಸಂಶಯ. ಮುಗಿಯುವವರೆಗೆ ಯಾರೂ ಕೈ ಹಾಕಬೇಡಿ, ಆಯ್ತಾ?" ಎಂದ. ಕೈಜಮ್ಮ ತನ್ನ ಅಡುಗೆಮನೆಯ ಪೆನ್‌ಡ್ರೈವನ್ನೇ ತಂದಿದ್ದಳು. ಅದನ್ನು ಸಿಕ್ಕಿಸಿ ಯಂತ್ರ ಶುರುಮಾಡಿದ.

ಗೊರಗೊರ ಸದ್ದಿನ ನಡುವೆ ಹಸೈನಾರರು ಮಾತಾಡಿದರು. ಸೆಕೆ ಎಂದರು, ಮೀನು ಚೆನ್ನಾಗಿಲ್ಲ ಎಂದರು. ಆಮೇಲೆ ಮೆಲ್ಲಗೆ "ರಂಶೀನಾ" ಎಂದು ಕರೆದರು. ಕೈಜಮ್ಮ ನನ್ನ ಕೈ ಹಿಡಿದಳು. ನನಗೂ ಅಳು ತಡೆಯಲಾಗಲಿಲ್ಲ.

ಆಗ ಮಧ್ಯಾಹ್ನದ ಬಾಂಗ್ ಕೇಳಿತು. ಕೈಜಮ್ಮನ ಎಡಗೈ ಸೆರಗಿಗೆ ಹೋಯಿತು, ಬಲಗೈ ಪೆನ್‌ಡ್ರೈವಿಗೆ. ನಾನು ನೋಡುವಷ್ಟರಲ್ಲಿ ಅದು ಅವಳ ಬೆರಳಲ್ಲಿತ್ತು.

ಶಮೀರ್ ಟೇಪು ನಿಲ್ಲಿಸಿ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ಹಳೆಯ ಹಾಡುಗಳೂ ತೆರೆಯಲಿಲ್ಲ. ಈ ಸ್ವರದ ಫೈಲಿಗೆ ಬರೀ ಹೆಸರಿತ್ತು, ಒಳಗೆ ಸೊನ್ನೆ. "ನಿಲ್ಲಿಸು ಅಂತ ಒತ್ತಿದ ಮೇಲೆಯೇ ಯಂತ್ರ ಬರೆದದ್ದನ್ನು ಗಟ್ಟಿ ಮಾಡುವುದು ಉಮ್ಮ. ಬರೆಯುತ್ತಿರುವಾಗ ಕಿತ್ತರೆ ಎಂತದೂ ಉಳಿಯುವುದಿಲ್ಲ," ಎಂದ. ಟೇಪನ್ನು ಹಿಂದಕ್ಕೆ ಸುತ್ತಲು ಹೋದಾಗ ಅದು ತುಂಡಾಗಿ, ಕಂದು ಹುಡಿ ಮೇಜಿನ ಮೇಲೆ ಉದುರಿತು. ಕಳೆದದ್ದನ್ನು ಹುಡುಕಿ ತೆಗೆಯುವವರು ಮಂಗಳೂರಿನಲ್ಲಿದ್ದಾರೆಂದು ಪೆನ್‌ಡ್ರೈವನ್ನು ಅಲ್ಲಿಗೂ ಕಳುಹಿಸಿದ. ಅವರಿಂದಲೂ ಆಗಲಿಲ್ಲ.

ಕೇಳಿದವರೆಲ್ಲ ಒಂದು ನಿಮಿಷ ಕಾಯಬಾರದಿತ್ತೇ ಎಂದರು. ನನಗೆ ಸಿಟ್ಟು ಬರುತ್ತದೆ. ಕೈ ಕೇಳಿಕೊಂಡು ಕೆಲಸ ಮಾಡುತ್ತದೆಯೇ?

ಅಂದು ಅಂಗಡಿಯಿಂದ ಮನೆಗೆ ಬಂದಾಗ ರಂಶೀನಾ ಬಾಗಿಲಲ್ಲೇ ನಿಂತಿದ್ದಳು. ಕೈಜಮ್ಮ ಏನನ್ನೂ ಮುಚ್ಚಿಡಲಿಲ್ಲ. ನಡೆದದ್ದನ್ನು ಹೇಳಿ, ಗಂಡ ಆಡಿದ ಒಂದೊಂದು ಮಾತನ್ನೂ ಒಪ್ಪಿಸಿದಳು. ಮಗಳು ಬೈಯಲಿಲ್ಲ, ಅಳಲೂ ಇಲ್ಲ.

"ಮಾತು ನನಗೆ ಗೊತ್ತುಂಟು ಉಮ್ಮ, ಎಷ್ಟು ಸಲ ಹೇಳಿದ್ದೀರಿ. ಸ್ವರ ಹೇಗಿತ್ತು? ನನ್ನ ಹೆಸರು ಹೇಗೆ ಹೇಳಿದ್ರು? ಹಾಗೆಯೇ ಒಮ್ಮೆ ಹೇಳಿ."

"ರಂಶೀನಾ," ಎಂದಳು ಕೈಜಮ್ಮ. ಬಂದದ್ದು ಅವಳದೇ ಸ್ವರ. ಗಂಟಲು ದಪ್ಪ ಮಾಡಿ ಮತ್ತೆ ಹೇಳಿದಳು, ಮತ್ತೂ ಹೇಳಿದಳು. ಮಗಳು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು.